ಗಾಳಿಕಿಂಡಿಗೆ ಮೆತ್ತಿದ ಮಣ್ಣು

ಆ ಬೀಡುಕಬ್ಬಿಣದ ಅಗ್ಗಿಷ್ಟಿಕೆ ಹೈದರಾಬಾದಿನಿಂದ ಅಕ್ಕಿ ಲಾರಿಯಲ್ಲಿ ಬಂತು. ಯಾವುದೋ ಹಳೆಯ ಬಂಗಲೆ ಕೆಡವಿದಾಗ ಗುಜರಿಗೆ ಬಿದ್ದದ್ದಂತೆ. ರಾಯಚೂರಿನ ಅಕ್ಕಿ ಗಿರಣಿಯ ಮಾಲೀಕರೊಬ್ಬರು ಅದನ್ನು ಕೊಂಡು, ತಮ್ಮ ಹೊಸ ಮನೆಯ ಕೆಳಗಿನ ಕೋಣೆಯಲ್ಲಿ ಕೂಡಿಸಲು ನನ್ನ ತಮ್ಮನನ್ನು ಕರೆಸಿದ್ದರು. ತಂಪು ಊರಿನ ಒಂದು ಹೋಟೆಲಿನಲ್ಲಿ ಅಂಥ ಬೆಂಕಿಯ ಮುಂದೆ ಕೂತು ಬಂದಾಗಿನಿಂದ ಅವರಿಗೆ ಅದೊಂದು ಹಂಬಲ. ಕರೆಂಟಿನದು ಬೇಡ, ಗ್ಯಾಸಿನದು ಬೇಡ, ಕಟ್ಟಿಗೆಯ ಬೆಂಕಿಯೇ ಬೇಕು.

ಇಳಿಸುವಾಗ ಒಬ್ಬ ಹಮಾಲ, "ಧಣಿ, ರಾಯಚೂರಾಗ ಬಿಸಲು ಸಾಲವಲ್ದೇನ್ರೀ, ಬೆಂಕಿ ಬ್ಯಾರೆ ತರಿಸೀರಿ" ಎಂದ. ಮಾಲೀಕರೂ ನಕ್ಕರು. ಆ ಹೊತ್ತಿಗೆ ಎಲ್ಲರೂ ನಗುತ್ತಲೇ ಇದ್ದೆವು.

ನನ್ನ ತಮ್ಮ ಭಟ್ಟಿ ಕಟ್ಟುವವನು. ಮಾನ್ವಿ, ಸಿರವಾರದ ಕಡೆ ಬ್ರೆಡ್ಡು ಬನ್ನು ಸುಡುವ ಬೇಕರಿ ಭಟ್ಟಿಗಳಲ್ಲಿ ಬಹಳಷ್ಟು ಅವನ ಕೈಯವು. ನಾನು ಅವನಿಗೆ ಮಣ್ಣು ಕಲಸುವವಳು. ಅರಕೇರಾದ ಗಂಡನ ಮನೆ ಬಿಟ್ಟು ದೇವದುರ್ಗಕ್ಕೆ ಬಂದ ಮೇಲೆ, ಅಕ್ಕ ಕೂತು ಉಣ್ಣುತ್ತಾಳೆ ಎಂದು ಯಾರೂ ಅನ್ನಬಾರದೆಂದು ಅವನೇ ನನ್ನನ್ನು ಜೊತೆಗೆ ಹಚ್ಚಿಕೊಂಡ. ಹುತ್ತದ ಮಣ್ಣು, ಭತ್ತದ ಹೊಟ್ಟು, ಬೆಲ್ಲದ ನೀರು. ಇವು ಮೂರನ್ನು ತುಳಿದು ತುಳಿದು ಹದಕ್ಕೆ ತರಬೇಕು. ನೀರು ಹೆಚ್ಚಾದರೆ ಒಣಗುವಾಗ ಬಿರುಕು, ಕಡಿಮೆಯಾದರೆ ಇಟ್ಟಂಗಿಗೆ ಹತ್ತುವುದಿಲ್ಲ. ಅವನು ಪ್ರತಿ ಸಲ ಮೊದಲ ಉಂಡೆ ಎತ್ತುವ ಮುಂಚೆ, "ಯಕ್ಕಾ, ಹದಾ ನೋಡಬೇ" ಎನ್ನುತ್ತಿದ್ದ. ನಾನು ಅಂಗೈಯಲ್ಲಿ ಹಿಂಡಿ ನೋಡಿ ಹೂಂ ಅಂದ ಮೇಲೆಯೇ ಕೈ ಹಚ್ಚುತ್ತಿದ್ದ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ನನ್ನನ್ನು ಜೀವನದಲ್ಲಿ ಕೇಳಿ ಕೆಲಸ ಮಾಡಿದವನು ಅವನೊಬ್ಬನೇ.

ಅಗ್ಗಿಷ್ಟಿಕೆಯನ್ನು ಗಿರಣಿಯ ಶೆಡ್ಡಿನಲ್ಲಿ ಇಟ್ಟುಕೊಂಡು ಮೊದಲು ಬಣ್ಣ ಕೆರೆದೆವು. ಬಿಳಿ ಬಣ್ಣದ ಕೆಳಗೆ ಹಸಿರು, ಹಸಿರಿನ ಕೆಳಗೆ ಮತ್ತೊಂದು ಬಿಳಿ, ಎಲ್ಲದರ ಕೆಳಗೆ ಕಪ್ಪು. ತಂತಿ ಬ್ರಷ್ಷಿನಿಂದ ತಿಕ್ಕುತ್ತ ಹೋದಂತೆ ಕಮಾನಿನ ಎರಡೂ ಬದಿಗೆ ಬಳ್ಳಿ, ಬಳ್ಳಿಯ ತುದಿಗೆ ಹೂವು ಕಂಡವು. ಹೊಗೆ ಹೋಗುವ ಬಾಯಿಗೆ ಒಂದು ಮುಚ್ಚಳವಿತ್ತು. ಅದು ತುಕ್ಕು ಹಿಡಿದು ಅಲುಗಾಡುತ್ತಿರಲಿಲ್ಲ. ಸೀಮೆಎಣ್ಣೆಯ ಬಟ್ಟೆ ಸುತ್ತಿಟ್ಟು, ದಿನಾ ಒಂದೊಂದು ಪೆಟ್ಟು ಕೊಟ್ಟು ಬಿಡಿಸಿದೆವು. ಆಮೇಲೆ ನೋಡಿದರೆ ಹಿಂದಿನ ಹಲಗೆ ಸೀಳಿತ್ತು. ಬಣ್ಣವೇ ಅದನ್ನು ಹಿಡಿದುಕೊಂಡಿತ್ತು.

ಬೀಡು ಬೇರೆ ಕಬ್ಬಿಣದ ಹಾಗಲ್ಲ. ರಾಯಚೂರಿನ ವೆಲ್ಡಿಂಗಿನವನು ಸೀಳನ್ನು ಬೆಸೆದು ಕೊಟ್ಟ. ಚಹಾ ಕುಡಿಯುತ್ತ ಕೂತಿದ್ದೆವು, ಟಣ್ ಎಂದಿತು. ಬೆಸುಗೆಯ ಪಕ್ಕದಲ್ಲೇ ಹೊಸ ಸೀಳು. ಒಂದು ಕಡೆ ಕಾದು, ಉಳಿದ ಕಡೆ ತಣ್ಣಗಿದ್ದರೆ ಅದು ತಾಳುವುದಿಲ್ಲ. ವೆಲ್ಡಿಂಗಿನವನು ಇದನ್ನು ಬಿಸಾಕಿ ಉಕ್ಕಿನ ತಗಡು ಹಾಕು ಎಂದ. ತಗಡು ಬೆಂಕಿಗೆ ಸೊಟ್ಟಗಾಗುತ್ತದೆ, ನಾಳೆ ಸಂದಿಯಲ್ಲಿ ಹೊಗೆ ಬರುತ್ತದೆ ಎಂದು ತಮ್ಮ ಒಪ್ಪಲಿಲ್ಲ. ಎರಡು ದಿನ ಸುಮ್ಮನೆ ತಿರುಗಿದ. ಮೂರನೆಯ ದಿನ ಹಲಗೆಯನ್ನು ಗೋಣಿಯಲ್ಲಿ ಸುತ್ತಿಕೊಂಡು, ವೆಲ್ಡಿಂಗಿನವನನ್ನೂ ಕರೆದುಕೊಂಡು, ಮಾನ್ವಿಗೆ ಹೊರಟ. ಅವನೇ ಕಟ್ಟಿದ ಬೇಕರಿ ಭಟ್ಟಿಯಲ್ಲಿ ಇಡೀ ಹಲಗೆಯನ್ನೇ ಕಾಯಿಸಿ ಬೆಸೆಯುವುದು ಅವನ ಯೋಚನೆ.

ಮಧ್ಯಾಹ್ನದ ಬ್ರೆಡ್ಡು ತೆಗೆದ ಮೇಲೆ ಬೇಕರಿಯ ಯಜಮಾನರು ಭಟ್ಟಿ ಬಿಟ್ಟುಕೊಟ್ಟರು. "ನಿಮ್ಮ ಕಬ್ಬಿಣ ಸುಟ್ಟ ಮ್ಯಾಲ ನಾಳಿ ನನ್ನ ಬನ್ನು ಪೆಂಟ್ ನಾರಿದ್ರ ನೀವ ತಿನ್ಬೇಕು ನೋಡ್ರಿ" ಎಂದು ಗೊಣಗಿದರು. ಜಾಲಿ ಕಟ್ಟಿಗೆ ಹಾಕಿ, ಹಲಗೆ ಮಬ್ಬು ಕೆಂಪಿಗೆ ತಿರುಗುವವರೆಗೆ ಕಾಯಿಸಿದೆವು. ಭಟ್ಟಿಯ ಬಾಯಲ್ಲೇ ಬೆಸುಗೆ ನಡೆಯಿತು. ಆಮೇಲಿನದು ನನ್ನ ಕೆಲಸ. ಗಿರಣಿಯಿಂದ ತಂದ ಹೊಟ್ಟಿನ ಬೂದಿಯ ಚೀಲಗಳನ್ನು ಸುರಿದು ಗುಡ್ಡೆ ಮಾಡಿಟ್ಟಿದ್ದೆ. ಹಲಗೆಯನ್ನು ಅದರಲ್ಲಿ ಹೂತು, ಎಲ್ಲಿಯೂ ಗಾಳಿ ಹೋಗದ ಹಾಗೆ ಮೇಲೆ ಬೂದಿ ಒತ್ತಿದೆ. ಹೊಟ್ಟಿನ ಬೂದಿ ಶಾಖ ಬಿಡುವುದಿಲ್ಲ. ಮರುದಿನ ಮಧ್ಯಾಹ್ನ ಅಗೆದು ತೆಗೆದಾಗಲೂ ಅದು ಕೈಗೆ ಬೆಚ್ಚಗಿತ್ತು. ತಮ್ಮ ನಟ್ಟು ಬಿಗಿಯುವ ಪಾನಾದಿಂದ ಬಡಿದ. ಗಂಟೆಯ ಹಾಗೆ ದನಿ ಕೊಟ್ಟಿತು. ಯಜಮಾನರು ಒಳಗಿನಿಂದ ಬಂದು ತಾವೂ ಒಮ್ಮೆ ಬಡಿದು ನೋಡಿ ಹೋದರು.

ರಾಯಚೂರಿನ ಮನೆಯಲ್ಲಿ ಗೋಡೆ ಒಡೆದು ಅಗ್ಗಿಷ್ಟಿಕೆಯನ್ನು ಕೂಡಿಸಿದೆವು. ಹಲಗೆಯ ಹಿಂದಿನ ಖಾಲಿಗೆ ಹೊಟ್ಟಿನ ಬೂದಿ ಬೆರೆಸಿದ ಹುತ್ತದ ಮಣ್ಣು ತುಂಬಿದೆ. ಮಾಲೀಕರಿಗೆ ಬೆಂಕಿಯ ಕೆಳಗೂ ಶಹಾಬಾದ್ ಕಲ್ಲೇ ಬೇಕಿತ್ತು. ತಮ್ಮ ಮನಸ್ಸಿಲ್ಲದೆ ಹೂಂ ಅಂದ. ಸಣ್ಣ ಬೆಂಕಿ ಹಾಕಿ ನೋಡಿದ್ದೇ ತಡ, ಕಲ್ಲು ಪಟಾಕಿಯ ಹಾಗೆ ಸಿಡಿದು ಚೂರು ಹಾರಿತು. ತಪ್ಪು ತನ್ನದೇ ಎಂದು ಅವನು ಅವರ ಎದುರೇ ಹೇಳಿ, ಅದನ್ನು ಕಿತ್ತು ಬೆಂಕಿ ತಾಳುವ ಇಟ್ಟಂಗಿ ಹಾಸಿದ. ಸ್ಲ್ಯಾಬಿನ ಸರಳು ತಪ್ಪಿಸಿ ತೂತು ಕೊರೆಸಿ, ಸುಟ್ಟ ಮಣ್ಣಿನ ಕೊಳವೆ ಇಳಿಸಿ, ಸುತ್ತ ಇಟ್ಟಂಗಿ ಕಟ್ಟಿ ಚಿಮಣಿಯನ್ನು ಮೇಲಕ್ಕೆ ಒಯ್ದ.

ಹಸಿ ಬೇವಿನ ಸೊಪ್ಪು ಹಾಕಿ ಹೊಗೆ ಪರೀಕ್ಷೆ ಮಾಡಿದೆವು. ಹೊಗೆ ಅಷ್ಟೂ ಕೋಣೆಗೆ ಬಂತು. ಹೊಸ ಗೋಡೆ ಕಪ್ಪಾಯಿತು. ಮಾಲೀಕರು ಮೂಗಿಗೆ ಟವೆಲು ಹಿಡಿದು, "ಇದು ಬೇಕರಿ ಅಲ್ಲಪಾ" ಎಂದಷ್ಟೇ ಹೇಳಿ ಹೋದರು. ಚಿಮಣಿಯ ಪಕ್ಕದ ನೀರಿನ ಟಾಕಿ ಗಾಳಿಯನ್ನು ತಿರುಗಿಸುತ್ತಿರಬೇಕೆಂದು ಚಿಮಣಿಯನ್ನು ಟಾಕಿಗಿಂತ ಎತ್ತರಿಸಿದ. ಆದರೂ ಹೊಗೆ ಬಂತು. ಮುಚ್ಚಳ ತಿರುಗಿಸಿ ನೋಡಿದ. ಬಾಯಿ ಕಿರಿದು ಮಾಡಿ ನೋಡಿದ. ಊಟ ಬಿಟ್ಟು ಅದರ ಮುಂದೆಯೇ ಕೂತಿರುತ್ತಿದ್ದ.

ನಾನು ಮಣ್ಣಿನ ಬುಟ್ಟಿ ಹೊತ್ತು ಒಳಗೆ ಬಂದು ಕಾಲಿನಿಂದ ಬಾಗಿಲು ದೂಡಿದೆ. ಕಣ್ಣೆದುರಿಗೇ ಹೊಗೆ ಮಡಚಿಕೊಂಡು ಚಿಮಣಿಯೊಳಗೆ ಎದ್ದಿತು. ಬಾಗಿಲು ತಾನೇ ಮುಚ್ಚಿಕೊಂಡಿತು. ಹೊಗೆ ಮತ್ತೆ ಹೊರಗೆ. "ಇಲ್ನೋಡಪಾ, ಬಾಗಲಾ ತಗದ್ರ ಮ್ಯಾಲ ಹೋಗ್ತದ" ಅಂದೆ. ತಮ್ಮ ಎದ್ದು ನಿಂತ. ನನ್ನಿಂದ ಬಾಗಿಲು ತೆಗೆಸಿ, ಹಾಕಿಸಿ, ತೆಗೆಸಿ, ಹಾಕಿಸಿ ನೋಡಿದ. ಆ ಮನೆಯ ಕಿಟಕಿಗಳೆಲ್ಲ ಏಸಿಗೆಂದು ರಬ್ಬರು ಪಟ್ಟಿ ಹಾಕಿ ಬಿಗಿ ಮಾಡಿದ ಅಲ್ಯುಮಿನಿಯಂ ಕಿಟಕಿಗಳು. ಒಳಗೆ ಗಾಳಿ ಬರಲು ಒಂದು ಸಂದಿಯೂ ಇರಲಿಲ್ಲ. ಗಾಳಿ ಬರದಿದ್ದರೆ ಹೊಗೆ ಹೇಗೆ ಹೋದೀತು? ಕೋಣೆಗೆ ಅಂಟಿದ ಬಚ್ಚಲಿನ ಫ್ಯಾನು ಹಾಕಿದರಂತೂ ಅದು ಚಿಮಣಿಯಿಂದಲೇ ಗಾಳಿಯನ್ನು ಕೆಳಗೆ ಎಳೆಯುತ್ತಿತ್ತು.

ಅವನು ಆಗ ಹೂಡಿದ ಹಟ ನನಗಿನ್ನೂ ಕಣ್ಣಿಗೆ ಕಟ್ಟಿದೆ. ಹೊರಗೋಡೆಯಿಂದ ಒಂದು ಕೊಳವೆ ತಂದು, ನೆಲದ ಕೆಳಗೆ ಹಾಯಿಸಿ, ಬೆಂಕಿಯ ಮುಂದೆಯೇ ಬಾಯಿ ಬಿಡಿಸಬೇಕು ಎಂದ. ಅದಕ್ಕೆ ಹೊಳಪು ಕೊಟ್ಟು ಮುಗಿಸಿದ ನೆಲ ಒಡೆಯಬೇಕು. ಮಾಲೀಕರು ಸುತರಾಂ ಒಪ್ಪಲಿಲ್ಲ. ಕಿಟಕಿ ಸ್ವಲ್ಪ ತೆರೆದಿಟ್ಟುಕೊಳ್ಳುತ್ತೇವೆ ಬಿಡು ಎಂದರು.

"ಚಳಿ ಅಂತ ಬೆಂಕಿ ಹಾಕ್ತೀರಿ, ಚಳಿ ಅಂತ ಕಿಟಕಿ ಹಾಕ್ತೀರ್ರಿ," ಎಂದ ತಮ್ಮ. "ಮಂದಿ ನೆನಪಿನ ಮ್ಯಾಲ ಬೆಂಕಿ ಬಿಡಾಂಗಿಲ್ರಿ ನಾ. ಕಿಂಡಿ ಇಡೂದಿಲ್ಲಂದ್ರ ನಾ ಈಗ ಕೆಲಸಾ ಬಿಡ್ತೀನಿ."

ಅವರು ಅವತ್ತು ಬೈದರು, ಮರುದಿನ ಒಪ್ಪಿದರು. ಕಿಂಡಿಯ ಬಾಯಿ ಒಂದು ಗೇಣಿನಷ್ಟು. ಮೇಲೆ ಜಾಲರಿ. ಬಾಗಿಲು, ಕಿಟಕಿ ಎಲ್ಲ ಹಾಕಿ, ಬಚ್ಚಲಿನ ಫ್ಯಾನೂ ಹಾಕಿ, ಬೇವಿನ ಸೊಪ್ಪು ಉರಿಸಿದ. ಹೊಗೆ ನೆಟ್ಟಗೆ ಮೇಲೆ ಹೋಯಿತು. ಕಿಂಡಿಯ ಮೇಲೆ ಅಂಗೈ ಹಿಡಿದರೆ ತಣ್ಣನೆಯ ಗಾಳಿ ಬಂದು ಬಡಿಯುತ್ತಿತ್ತು. ಮನೆಯವರನ್ನೆಲ್ಲ ಕರೆದು ಕೈ ಹಿಡಿಸಿ ತೋರಿಸಿದ. ಇದನ್ನು ಮುಚ್ಚಿದರೆ ಬೆಂಕಿಯ ಉಸಿರು ಕಟ್ಟುತ್ತದೆ, ನಿಮ್ಮದೂ ಕಟ್ಟುತ್ತದೆ ಎಂದ. ಮಾಲೀಕರ ತಾಯಿಯೂ ಕೈ ಹಿಡಿದು ನೋಡಿದರು. ಅವರನ್ನು ಮನೆಮಂದಿ, ಆಳುಕಾಳು ಎಲ್ಲರೂ ಅಮ್ಮಾರು ಎನ್ನುತ್ತಿದ್ದರು. "ಭಾಳ ಥಂಡಿ ಬರ್ತದಲ್ಲೋ ಯಪ್ಪಾ" ಎಂದು ಕೈ ಹಿಂದೆ ತೆಗೆದುಕೊಂಡರು.

ಅಗ್ಗಿಷ್ಟಿಕೆಗೆ ಗ್ರಾಫೈಟ್ ಪುಡಿ ತಿಕ್ಕಿ ಹೊಳಪು ಕೊಟ್ಟೆವು. ಬೆಂಕಿ ನೋಡಲು ಬಂದವರೊಳಗೆ ಒಬ್ಬರು ಸ್ಟೇಷನ್ ರಸ್ತೆಯಲ್ಲಿ ಹೋಟೆಲು ತೆರೆಯುವವರಿದ್ದರು. ಪಿಜ್ಜಾ ಸುಡುವ ಕಟ್ಟಿಗೆ ಭಟ್ಟಿ ಕಟ್ಟಿಕೊಡು ಎಂದು ಅಲ್ಲಿಯೇ ತಮ್ಮನಿಗೆ ಹೇಳಿದರು. ಸಿರವಾರದ ಬೇಕರಿಯವರು ಎರಡನೆಯ ಭಟ್ಟಿ ಕೇಳಿದರು. ಅವನು ಬಸ್ಸಿನಲ್ಲಿ ದೇವದುರ್ಗಕ್ಕೆ ಬರುವಾಗ ಕಿಟಕಿಯ ಗಾಜಿನ ಮೇಲೆ ಬೆರಳಿನಿಂದ ಗುಮ್ಮಟ ಬರೆದು ತೋರಿಸುತ್ತ ಬಂದ. ಇನ್ನು ಮುಂದೆ ಮಂದಿ ಬೆಂಕಿ ಅಂದರೆ ನಮ್ಮನ್ನೇ ಕೇಳುತ್ತಾರೆ ಎಂದ. ನಮ್ಮನ್ನು ಎಂದ, ನನ್ನನ್ನು ಎನ್ನಲಿಲ್ಲ.

ಮಾಲೀಕರ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಚಳಿಯ ದಿನಗಳಲ್ಲೇ ಹೆಣ್ಣು ಕೂಸು ಹುಟ್ಟಿತು. ನಮ್ಮ ಕಡೆ ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಡುವ ಪದ್ಧತಿ. ಕೋಣೆಗೆ ಗಾಳಿ ಬರಬಾರದು, ಮೈ ಬೆಚ್ಚಗಿರಬೇಕು. ಆಸ್ಪತ್ರೆಯಲ್ಲಿ ಕೆಂಡ ಇಡಬೇಡಿ, ಹೊಗೆ ಕೆಟ್ಟದ್ದು ಎಂದು ಹೇಳಿ ಕಳಿಸಿದ್ದರಂತೆ. ಅಮ್ಮಾರಿಗೆ ಅಗ್ಗಿಷ್ಟಿಕೆಯ ಕೋಣೆ ನೆನಪಾಯಿತು. ಇಲ್ಲಿ ಹೊಗೆ ಮೇಲೆ ಹೋಗುತ್ತದಲ್ಲ, ಕೆಂಡ ಅಷ್ಟೇ ಉಳಿಯುತ್ತದಲ್ಲ ಎಂದು ಬಾಣಂತಿಯನ್ನು ಅಲ್ಲಿಯೇ ಮಲಗಿಸಿದರು. ನೆಲದ ಕಿಂಡಿಯಿಂದ ಬರುವ ಗಾಳಿ ನೇರ ಹೊರಸಿಗೆ ಬಡಿಯುತ್ತಿತ್ತು.

ನಾವು ಆಗ ಹೋಟೆಲಿನ ಭಟ್ಟಿಗೆ ಅಡಿಪಾಯ ಹಾಕುತ್ತಿದ್ದೆವು. ಅಮ್ಮಾರು ಹೇಳಿಕಳಿಸಿದರು. ಬಾಣಂತಿ ಕೋಣೆಗೆ ಗಂಡಸರು ಹೋಗುವಂತಿಲ್ಲ, ಅಕ್ಕನನ್ನು ಕಳಿಸು, ಸಣ್ಣದೊಂದು ಮೆತ್ತುವ ಕೆಲಸವಿದೆ ಎಂದು. ತಮ್ಮ ಅಲ್ಲಿಯೇ ಇಟ್ಟಂಗಿ ಜೋಡಿಸುತ್ತ, "ಹೋಗಿ ಬಾ. ಹಂಗ ಕಿಂಡ್ಯಾಗ ಕಸಾ ಪಸಾ ಕುಂತದೇನು ನೋಡಿ ಬಾ" ಎಂದ.

ಆ ಮನೆಯಲ್ಲಿ ಅಷ್ಟು ದಿನ ದುಡಿದರೂ ನಾವು ಕೆಲಸದ ಕೋಣೆ ಬಿಟ್ಟು ಒಳಗೆ ಹೋದವರಲ್ಲ. ಹೋಗಬೇಡಿ ಎಂದು ಯಾರೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅವತ್ತು ಅಮ್ಮಾರು ನನ್ನನ್ನು ಹೊರಸಿನ ಪಕ್ಕಕ್ಕೇ ಕೂಡಿಸಿ, ಕೂಸಿನ ಮುಖದ ಮೇಲಿನ ಬಟ್ಟೆ ಸರಿಸಿ ತೋರಿಸಿದರು. ಎಣ್ಣೆ, ಲೋಬಾನದ ವಾಸನೆ. ಕೂಸು ಬಾಯಿ ಓರೆ ಮಾಡಿ ಆಕಳಿಸಿತು.

"ನಿನಗ ಗೊತ್ತಿಲ್ಲೇನಬೇ, ಗಾಳಿ ಅಂದ್ರೇನಂತ," ಎಂದರು ಅಮ್ಮಾರು. "ಮುಚ್ಚಿಬಿಡು. ಹದಿನೈದು ದಿನದ ಮಾತು. ಆಮ್ಯಾಲ ತಗದ್ರಾತು."

ನನಗೆ ಗೊತ್ತಿತ್ತು. ಅರಕೇರಾದಲ್ಲಿ ನನ್ನ ಕೂಸು ತೀರಿಕೊಂಡಾಗ ಅತ್ತೆ, ನೆರೆಯವರು ಎಲ್ಲ ಹೇಳಿದ್ದು ಅದನ್ನೇ. ಬಾಗಿಲ ಸಂದಿ ಮುಚ್ಚದೆ ಮಲಗಿದಳು, ಗಾಳಿ ಬಡಿಯಿತು ಎಂದು. ನನ್ನ ಕೂಸಿಗೆ ಏನಾಗಿತ್ತೋ ಇವತ್ತಿಗೂ ನನಗೆ ತಿಳಿಯದು. ಆದರೆ ಅಷ್ಟು ವರ್ಷ ನಾನು ಆ ಬಾಗಿಲ ಸಂದಿಯನ್ನು ಮನಸ್ಸಿನಲ್ಲಿ ಮುಚ್ಚುತ್ತಲೇ ಇದ್ದೆ. ಆದ್ದರಿಂದ ಅಮ್ಮಾರ ಒತ್ತಾಯಕ್ಕೆ ಮಾಡಿದೆ ಎಂದು ನಾನು ಹೇಳಲಾರೆ. ಬಾಗಿಲು ತೆಗೆದರೆ ಹೊಗೆ ಮೇಲೆ ಹೋಗುತ್ತದೆಂದು ಮೊದಲು ಕಂಡವಳೇ ನಾನು. ಕಿಂಡಿ ಮುಚ್ಚಿದರೆ ಹೊಗೆ ಬರುತ್ತದೆಂದು ಗೊತ್ತಿತ್ತು. ಹೊಗೆ ಬಂದರೆ ಇವರಿಗೆ ಕಾಣುತ್ತದೆ, ಬಾಗಿಲು ತೆಗೆಯುತ್ತಾರೆ ಎಂದುಕೊಂಡೆ. ಹೊಗೆಯಿಲ್ಲದ ಕೆಂಡವೂ ಉಸಿರು ಕಟ್ಟಿಸುತ್ತದೆ ಎಂಬುದು ನನ್ನ ತಲೆಗೆ ಬರಲಿಲ್ಲ.

ಜಾಲರಿ ಎತ್ತಿದೆ. ಹಿತ್ತಲಲ್ಲಿ ನಮ್ಮದೇ ಹುತ್ತದ ಮಣ್ಣು ಉಳಿದಿತ್ತು. ಹೊಟ್ಟು ಬೆರೆಸಿ, ಅವರ ಅಡುಗೆಮನೆಯಿಂದ ಬೆಲ್ಲದ ನೀರು ತರಿಸಿ, ಚೆನ್ನಾಗಿ ನಾದಿ ಕೊಳವೆಯ ಬಾಯಿಗೆ ತುಂಬಿದೆ. ಹೆಬ್ಬೆರಳಿನಿಂದ ಅಂಚು ಒತ್ತಿ, ಮೇಲೆ ನುಣುಪು ಮಾಡಿ, ಜಾಲರಿ ಮತ್ತೆ ಕೂಡಿಸಿದೆ. ಅಮ್ಮಾರು ಅದರ ಮೇಲೆ ಚಾಪೆ ಎಳೆದರು. ಕೈ ತೊಳೆದುಕೊಂಡ ಮೇಲೆ ಕೂಸನ್ನು ನನ್ನ ತೊಡೆಯ ಮೇಲೆ ಇಟ್ಟರು.

ಹೋಟೆಲಿಗೆ ಮರಳಿದಾಗ ತಮ್ಮ ಏನು ಕೆಲಸವಿತ್ತೆಂದು ಕೇಳಿದ. ಬಚ್ಚಲ ಗೋಡೆಯ ಸಂದಿ ಅಂದೆ. ಕಿಂಡಿ ನೋಡಿದೆಯಾ ಎಂದ. ನೋಡಿದೆ ಅಂದೆ.

ಒಂದು ವಾರ ಕಳೆದಿರಬೇಕು. ಹೋಟೆಲಿನ ಭಟ್ಟಿಯ ಗುಮ್ಮಟ ಮುಚ್ಚುವುದಿತ್ತು. ಬೆಳಗಿನ ಹೊತ್ತು. ಮಾಲೀಕರ ಫೋನು ಬಂತು. ತಮ್ಮ ಕೇಳಿಸಿಕೊಂಡು, ಕೈಯಲ್ಲಿದ್ದ ಇಟ್ಟಂಗಿಯನ್ನು ಮೆಲ್ಲಗೆ ಕೆಳಗಿಟ್ಟ. ಬಾಣಂತಿಗೆ ಎರೆದು, ಬಾಗಿಲು ತೆರೆದಿಟ್ಟು ಕಟ್ಟಿಗೆ ಉರಿಸಿ, ಕೆಂಡವಾದ ಮೇಲೆ ದಿನದ ಹಾಗೆ ಬಾಗಿಲು ಹಾಕಿ ಮಲಗಿಸಿದ್ದರು. ಎರೆದ ಹಬೆ ಹೋಗಲೆಂದು ಅವತ್ತು ಬಚ್ಚಲಿನ ಫ್ಯಾನು ತಿರುಗುತ್ತಲೇ ಇತ್ತು. ಗಂಜಿ ಒಯ್ದ ಕೆಲಸದವಳು ಎಬ್ಬಿಸಿದರೆ ಬಾಣಂತಿ ಏಳಲಿಲ್ಲ. ಕೂಸು ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಇಬ್ಬರನ್ನೂ ಆಸ್ಪತ್ರೆಗೆ ಒಯ್ದಿದ್ದಾರೆ.

ಆ ಮನೆಯ ಅಂಗಳಕ್ಕೆ ನಾವು ಹೋಗುವ ಹೊತ್ತಿಗೆ ಬಹಳ ಜನ ಕೂಡಿದ್ದರು. ಹೋಟೆಲಿನವರೂ ನಮ್ಮ ಹಿಂದೆಯೇ ಬಂದಿದ್ದರು. ಆಸ್ಪತ್ರೆಯಿಂದ ಸುದ್ದಿ ಬರಲೆಂದು ನಿಂತಿದ್ದೆವು. ಮಗಳಿಗೆ ಎಚ್ಚರ ಬಂತು, ವಾಂತಿ ಮಾಡಿದಳು ಎಂದು ಮೊದಲು ಬಂತು. ಬಹಳ ಹೊತ್ತಿನ ಮೇಲೆ ಕೂಸು ಅತ್ತಿತು ಎಂದು ಬಂತು. ಕೂಸು ಅತ್ತ ಸುದ್ದಿ ಬಂದ ಮೇಲೆ ಮಾಲೀಕರು ತಮ್ಮನ ಅಂಗಿ ಹಿಡಿದರು.

"ಹೊಗಿ ಮ್ಯಾಲ ಹೋಗ್ತದ ಅಂದಿದ್ದಿಲ್ಲಲೇ ನೀ? ನನ್ನ ಮನಿ ನೆಲಾ ಒಡಸಿದಿ, ಗ್ವಾಡಿ ಒಡಸಿದಿ, ಎಲ್ಲಾ ತಡಕೊಂಡ್ನಿ."

ತಮ್ಮ ಅಂಗಿ ಬಿಡಿಸಿಕೊಳ್ಳಲಿಲ್ಲ. "ಕಿಂಡಿ ತೆರದಿತ್ತೇನ್ರೀ?" ಎಂದ.

ಮಾಲೀಕರು ತಾಯಿಯ ಕಡೆ ತಿರುಗಿದರು. ಅಮ್ಮಾರ ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಅವರು ಮಗನನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ಕಿಂಡಿಗ್ಯಾರು ಕೈ ಹಚ್ಯಾರ" ಎಂದರು.

ತಮ್ಮನೂ ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ಸಂಶಯವಿರಲಿಲ್ಲ. ತನ್ನ ಪರವಾಗಿ ಮಾತಾಡಲು ಒಬ್ಬಳಾದರೂ ಇದ್ದಾಳೆ ಎಂಬ ಧೈರ್ಯವಿತ್ತು. "ಯಕ್ಕಾ, ನೀ ಒಳಗ ಹೋಗಿದ್ದೆಲ್ಲಬೇ. ಕಿಂಡಿ ಹೆಂಗಿತ್ತು ಹೇಳು."

"ತೆರದಿತ್ತು," ಅಂದೆ.

ಆ ಒಂದು ಮಾತಿನಿಂದ ಎಲ್ಲ ಅವನ ಮೇಲೆ ಬಂತು. ಕಿಂಡಿ ತೆರೆದಿದ್ದೂ ಹೀಗಾಯಿತು ಎಂದರೆ ಕಟ್ಟಿದವನದೇ ತಪ್ಪು. ಅವನಿಗೂ ಅದು ತಿಳಿಯಿತು. ಬೆರಳು ಮಡಚುತ್ತ ಚಿಮಣಿಯ ಎತ್ತರ, ಕೊಳವೆಯ ಅಗಲ ತನ್ನಷ್ಟಕ್ಕೆ ಲೆಕ್ಕ ಹಾಕತೊಡಗಿದ. ಎಲ್ಲಿ ತಪ್ಪಿದೆ ಎಂದು ನಿಜವಾಗಿಯೂ ಹುಡುಕುತ್ತಿದ್ದ. ಕೋಣೆಯೊಳಗೆ ಹೋಗಿ ನೋಡಲು ನಮ್ಮನ್ನು ಬಿಡಲಿಲ್ಲ. ಹೋಟೆಲಿನವರು ಭಟ್ಟಿಯ ಕೆಲಸ ಅಲ್ಲಿಗೇ ನಿಲ್ಲಿಸು ಎಂದರು. ಜೋರಾಗಿಯೂ ಹೇಳಲಿಲ್ಲ.

ತಾಯಿ ಮಗು ಮನೆಗೆ ಬಂದ ಮೇಲೆ ಮಾಲೀಕರು ಹೇಳಿಕಳಿಸಿದರು: ನೀನೇ ಹಚ್ಚಿದ್ದು, ನೀನೇ ಕಿತ್ತು ಒಯ್ಯಿ. ಆ ಕಬ್ಬಿಣ ನಮ್ಮ ಮನೆಯಲ್ಲಿ ಇರುವುದು ಬೇಡ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಒಂದನ್ನೇ ಯೋಚಿಸುತ್ತಿದ್ದೆ. ಅವನು ಚಿಮಣಿ ಬಿಚ್ಚಲು ಮಾಳಿಗೆ ಏರಿದಾಗ ನಾನು ಜಾಲರಿ ಎತ್ತಿ ಮಣ್ಣು ಕೆದರಿ ತೆಗೆದುಬಿಡಬೇಕು. ಬಾಣಂತಿಯನ್ನು ಮೇಲಿನ ಕೋಣೆಗೆ ಒಯ್ದಿದ್ದರು. ಕೋಣೆ ಖಾಲಿ. ನೀನು ಮೇಲಿನಿಂದ ಶುರು ಮಾಡು, ಕೆಳಗಿನದು ನಾನು ನೋಡುತ್ತೇನೆ ಅಂದೆ. ಅವನು ನೇರ ಹೋಗಿ ಚಾಪೆ ಎಳೆದು, ಮಂಡಿಯೂರಿ ಜಾಲರಿ ಎತ್ತಿದ. ಅಷ್ಟು ದಿನ ನಿದ್ದೆ ಬಿಟ್ಟು ಹುಡುಕಿದವನು, ಮೊದಲು ನೋಡಬೇಕೆಂದಿದ್ದದ್ದೇ ಅದನ್ನು.

ನೋಡಿದ. ಕರಣಿಯ ಹಿಡಿಕೆಯಿಂದ ಮೆಲ್ಲಗೆ ಬಡಿದ. ಗಟ್ಟಿ ದನಿ ಬಂತು. ಅಂಚಿನಲ್ಲಿ ಸಾಲಾಗಿ ನನ್ನ ಹೆಬ್ಬೆರಳಿನ ಗುರುತುಗಳಿದ್ದವು. ಅವನು ಕಟ್ಟಿದ ಪ್ರತಿ ಭಟ್ಟಿಯ ಬಾಯಲ್ಲೂ ಅಂಥದೇ ಗುರುತುಗಳಿವೆ. ಅದರ ಮೇಲೆ ಬೆರಳಾಡಿಸಿದ.

"ಹದಾ ಚಲೋ ಬಂದದ ಯಕ್ಕಾ," ಎಂದ. "ಒಂದ ಬಿರಕಿಲ್ಲ."

ಬಾಗಿಲಲ್ಲಿ ಅಮ್ಮಾರು ನಿಂತಿದ್ದರು. ಅಂಗಳದಲ್ಲಿ ಮಾಲೀಕರು ಫೋನಿನಲ್ಲಿ ಮಾತಾಡುತ್ತಿದ್ದರು. ಅವರನ್ನು ಕರೆದು ತೋರಿಸಿದ್ದರೆ ತಮ್ಮನ ಮೇಲಿನ ಅಪವಾದ ಅಲ್ಲಿಗೇ ಮುಗಿಯುತ್ತಿತ್ತು. ನಾನು ಅವನ ಬಾಯಿಯನ್ನೇ ನೋಡುತ್ತ ನಿಂತೆ. ಅವನು ಉಳಿ ಇಟ್ಟು, ಆ ಮಣ್ಣನ್ನು ಒಡೆಯದೆ ಇಡಿಯಾಗಿ ಎಬ್ಬಿಸಿ, ನನ್ನ ಬುಟ್ಟಿಗೆ ಹಾಕಿದ. ಮೇಲೆ ಎರಡು ಇಟ್ಟಂಗಿ ಚೂರು ಹಾಕಿ, ಬುಟ್ಟಿ ಎತ್ತಿ ನನ್ನ ತಲೆಗೆ ಕೊಟ್ಟ. ನಾನು ಅಮ್ಮಾರನ್ನು ದಾಟಿ, ಮಾಲೀಕರನ್ನು ದಾಟಿ, ಗೇಟಿನ ಹೊರಗಿನ ಕಸದ ಗುಡ್ಡೆಗೆ ಅದನ್ನು ಸುರಿದು ಬಂದೆ. ಆಮೇಲೆ ಸಂಜೆಯವರೆಗೂ ಚಿಮಣಿಯ ಇಟ್ಟಂಗಿ ಹೊತ್ತೆ.

ಸಿರವಾರದ ಬೇಕರಿಯವರು ಎರಡನೆಯ ಭಟ್ಟಿ ಬೇಡ ಎಂದರು. ಮಾನ್ವಿಯ ಯಜಮಾನರು ರಿಪೇರಿಗೂ ಬೇರೆಯವರನ್ನು ಕರೆಸಿದರು. ಬಾಣಂತಿ ಕೂಸಿಗೆ ಹೊಗೆ ಕುಡಿಸಿದ ಭಟ್ಟಿಯವ ಎಂದು ಹೆಸರಾಯಿತು. ತಮ್ಮ ರಾಯಚೂರಿನಲ್ಲಿ ಬಚ್ಚಲುಗಳಿಗೆ ಟೈಲ್ಸ್ ಕೂಡಿಸುವ ಕೆಲಸಕ್ಕೆ ಸೇರಿದ. ಅದಕ್ಕೆ ಅಂಟು ಚೀಲದಲ್ಲಿ ಬರುತ್ತದೆ. ಮಣ್ಣು ಕಲಸುವವರು ಬೇಕಾಗುವುದಿಲ್ಲ. ನಾನು ಹತ್ತಿ ಬಿಡಿಸಲು ಹೋದೆ.

ಮರುವರ್ಷ ಆ ಕೂಸು ನಡೆಯುತ್ತದೆ ಎಂದು ಕೇಳಿದ ಮೇಲೆ ನನಗೆ ಧೈರ್ಯ ಬಂತು. ಅಷ್ಟು ದಿನ ಅದಕ್ಕೇನಾದರೂ ಊನ ಉಳಿದಿದ್ದರೆ ಎಂದು ಹೆದರಿಕೆಯಿತ್ತು. ಗಿರಣಿಗೆ ಹೋಗಿ, ಮಾಲೀಕರ ಮುಂದೆ ನಿಂತು, ಕಿಂಡಿ ಮುಚ್ಚಿದವಳು ನಾನು, ತಮ್ಮನ ಕೆಲಸದಲ್ಲಿ ದೋಷವಿರಲಿಲ್ಲ ಅಂದೆ. ಅವರು ಭತ್ತದ ಕಾಳೊಂದನ್ನು ಹಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದರು. ಸಿಟ್ಟಾಗಲಿಲ್ಲ.

"ಗೊತ್ತದ. ಅವ್ವ ಅವತ್ತ ಸಂಜೀಗೇ ಹೇಳಿದ್ಲು," ಎಂದರು. "ನಿನ್ನ ತಮ್ಮನೇ ಸುಮ್ಮನಾದ. ಮತ್ತ ನಾವ್ಯಾಕ ನಮ್ಮವ್ವನ ಹೆಸರು ಎತ್ತೂಣು ಅಂತ ಬಿಟ್ವಿ."

ಈಗಲಾದರೂ ಬೇಕರಿಯವರಿಗೆ ಒಂದು ಮಾತು ಹೇಳಿ ಎಂದು ಕೇಳಿದೆ. ನೋಡೋಣ ಎಂದರು. ಹೇಳುವುದಿಲ್ಲವೆಂದು ಗೊತ್ತಾಗಿ ನಾನೇ ಹೋದೆ. ಸಿರವಾರದಲ್ಲಿ ಗಿರಾಕಿಗಳೆದುರೇ ಹೇಳಿದೆ. ಮಾನ್ವಿಯ ಯಜಮಾನರು ಪೂರ್ತಿ ಕೇಳಿಸಿಕೊಂಡು, ನನ್ನನ್ನು ಒಳಗೆ ಕರೆದೊಯ್ದರು. ಭಟ್ಟಿ ಇದ್ದ ಜಾಗದಲ್ಲಿ ಸ್ಟೀಲಿನ ಕರೆಂಟ್ ಓವನ್ ನಿಂತಿತ್ತು. "ಮೊದ್ಲ ಹೇಳಬೇಕಾಗಿತ್ತಬೇ," ಎಂದರು. "ಅಂವಾ ಇದ್ದಿದ್ರ ನಾ ಇದನ್ಯಾಕ ತರ್ತಿದ್ನಿ." ಬರುವಾಗ ಕಾಗದದಲ್ಲಿ ಎರಡು ಬನ್ನು ಸುತ್ತಿ ಕೊಟ್ಟರು.

ಅಗ್ಗಿಷ್ಟಿಕೆ ಈಗ ದೇವದುರ್ಗದಲ್ಲಿ ನಮ್ಮ ಹಿತ್ತಲ ಗೋಡೆಗೆ ಒರಗಿದೆ. ಬಳ್ಳಿಯ ಮೇಲೆ ಮತ್ತೆ ತುಕ್ಕು ಬಂದಿದೆ, ಕಮಾನಿನೊಳಗೆ ಕೋಳಿ ಮೊಟ್ಟೆ ಇಡುತ್ತದೆ. ನಾನು ಮಾನ್ವಿಯಿಂದ ಬಂದಾಗ ತಮ್ಮ ಅದರ ಪಕ್ಕದಲ್ಲಿ ಕೂತು, ನೀರು ಕಾಯಿಸುವ ಒಲೆಗೆ ಮೆತ್ತಲು ಮಣ್ಣು ಕಲಸುತ್ತಿದ್ದ. ಎಲ್ಲಿ ಹೋಗಿದ್ದೆ, ಯಾರ್‍ಯಾರಿಗೆ ಏನು ಹೇಳಿದೆ ಎಂದು ಅವನಿಗೆ ಹೇಳಿದೆ. ಕೈ ನಿಲ್ಲಿಸದೆ ಕೇಳಿದ. ಮುಗಿದ ಮೇಲೆ, ಊಟ ಮಾಡು ಹೋಗು ಎಂದ.

ನಾನು ನಿಂತೇ ಇದ್ದೆ. ಅವನು ಮೊದಲ ಉಂಡೆ ಎತ್ತಿದ. ಅದಕ್ಕೆ ನೀರು ಹೆಚ್ಚಾಗಿತ್ತು. ಬೆರಳ ಸಂದಿಯಿಂದ ಇಳಿಯುತ್ತಿತ್ತು. ಅವನು ನನ್ನ ಕಡೆ ನೋಡಲಿಲ್ಲ, ಕೇಳಲಿಲ್ಲ. ನಾನೂ ಹೇಳಲಿಲ್ಲ. ಒಲೆಗೆ ಮೆತ್ತಿದ.